ನಗಬಾರದ ಅಳತೆ

ಅಗಲ ಮೂವತ್ತೈದು, ಎತ್ತರ ನಲವತ್ತೈದು ಮಿಲಿಮೀಟರು.
ಹಿಂದೆ ಬಿಳಿ ಪರದೆ. ಕನ್ನಡಕ ಬೇಡ.
ಕೂದಲು ಹಣೆ ಬಿಟ್ಟಿರಲಿ.
ನಗಬಾರದು. ಹಲ್ಲಂತೂ ಕೂಡದು.
ಇಪ್ಪತ್ತೆರಡು ವರ್ಷ ಈ ಐ.ಜಿ. ರಸ್ತೆಯಲ್ಲಿ
ಮದುವೆಯವರಿಗೆ ‘ಸ್ವಲ್ಪ ನಗಿ, ಸ್ವಲ್ಪ ನಗಿ’ ಅಂತ
ಗಂಟಲು ಹರಿದುಕೊಂಡವನು
ಈಗ ಮುಖಕ್ಕೆ ನಲವತ್ತು ರೂಪಾಯಿಯಂತೆ
ನಗು ಒರೆಸಿ ಕಳಿಸುತ್ತೇನೆ.

ಬಿಂದುಶ್ರೀ ಮೊದಲ ಸಲ ಬಂದದ್ದು ಫೋಟೋಗಲ್ಲ.
‘ಅಂಕಲ್, ನಿಮ್ಮ ಹತ್ತಿರ ಸ್ಟಾಪ್‌ವಾಚ್ ಇದೆಯಲ್ಲ,
ಎರಡು ನಿಮಿಷ ಹಿಡಿತೀರಾ? ನಾನು ಇಂಗ್ಲಿಷು ಮಾತಾಡಬೇಕು.’
ಡಾರ್ಕ್‌ರೂಮಿನ ಕಾಲದ್ದು ಅದು,
ಕಾಗದ ಅದ್ದಿ ಮುಖ ಮೂಡುವ ತನಕ ಎಣಿಸುತ್ತಿದ್ದದ್ದು.
ನನಗೆ ಬರುವ ಇಂಗ್ಲಿಷು ಮೂರೇ ಮಾತು:
ರೆಡಿ, ಸ್ಟೆಡಿ, ಚಿನ್ ಡೌನ್.
‘ಅದಕ್ಕೇ ನಿಮ್ಮ ಹತ್ತಿರ ಬಂದೆ,’ ಅಂದಳು,
‘ಗೊತ್ತಿರುವವರ ಮುಂದೆ ನಾಲಿಗೆ ಹೊರಳೋದಿಲ್ಲ.’

ಎರಡನೇ ಸಲ ಕಟ್ಟಿದ್ದಾಳೆ ಪರೀಕ್ಷೆಗೆ.
ಕೇಳುವುದಕ್ಕೆ ಏಳು, ಓದುವುದಕ್ಕೆ ಆರೂವರೆ,
ಬರೆಯುವುದಕ್ಕೆ ಆರು.
ಮಾತಿಗೆ ಐದೂವರೆ.
ಯಾವುದೂ ಆರಕ್ಕೆ ಕಮ್ಮಿ ಇರಕೂಡದು
ಅನ್ನುತ್ತಾರಂತೆ ಡಬ್ಲಿನ್ನಿನ ಕಾಲೇಜಿನವರು.
ತಾಯಿ ಜಯಶೀಲಮ್ಮ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವವಳು,
ಜರಡಿಯ ಲೆಕ್ಕ ಅವಳಿಗೆ ಗೊತ್ತು:
‘ಅರ್ಧ ನೂಲು ಸಣ್ಣಗಿದ್ದರೂ ಕೆಳಗೇ ಬೀಳೋದು, ಮಗಾ.
ರುಚಿ ಯಾರು ನೋಡ್ತಾರೆ.’

ಹೋದ ಸಲ ಮೇಜಿನಾಚೆಯ ಹೆಂಗಸು ಕೇಳಿದಳಂತೆ:
ನಿನಗೆ ಬೇಕಾದವರೊಡನೆ ಜಗಳವಾಡಿದ ಒಂದು ಸಂದರ್ಭ ವಿವರಿಸು.
ಯೋಚನೆಗೆ ಒಂದು ನಿಮಿಷ, ಮಾತಿಗೆ ಎರಡು.
ಓಲೆ ಅಡವಿಟ್ಟು ಕಟ್ಟಿದ ಫೀಸು ಅಂತ ತಿಳಿದ ದಿನ
‘ನಾನು ಹೋಗಲ್ಲ’ ಅಂದಿದ್ದಳು ಇವಳು.
ಮೂರು ದಿನ ತಾಯಿ ಮಾತು ಬಿಟ್ಟಳು.
ಮಾತು ಬಿಟ್ಟಳು, ಬುತ್ತಿ ಬಿಡಲಿಲ್ಲ:
ಬೆಳಗಿನ ಐದಕ್ಕೇ ರೊಟ್ಟಿ, ಹುಚ್ಚೆಳ್ಳು ಚಟ್ನಿ,
ಡಬ್ಬಿಯ ಮುಚ್ಚಳ ಮಾತ್ರ ಕೊಂಚ ಜೋರಾಗಿ ಒತ್ತುತ್ತಿದ್ದಳು.
ಇದಕ್ಕೆ ಏನನ್ನಬೇಕು?
ಕೋಪ ಅಂದರೆ ಹೆಚ್ಚಾಯಿತು, ಬೇಸರ ಅಂದರೆ ಸಾಲದು.
ಆ ಭಾಷೆಯ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದೆಲ್ಲ
ತೋಳಿಗೆ ಉದ್ದ, ಇಲ್ಲ ಕಂಕುಳಿಗೆ ಬಿಗಿ.
ಹದಿಮೂರು ಸೆಕೆಂಡು ಸುಮ್ಮನಿದ್ದು
‘ಮುನಿಸು, ಮೇಡಂ’ ಅಂದುಬಿಟ್ಟಳಂತೆ.
ಅರ್ಧ ಅಂಕ ಅಲ್ಲೇ ಹೋಗಿದ್ದು ಅಂತ ಅವಳ ಗುಮಾನಿ.

ಹನ್ನೊಂದು ಸಂಜೆ, ಷಟರು ಅರ್ಧ ಎಳೆದು,
ಅವಳು ಮಾತಾಡಿದಳು, ನಾನು ಮುಳ್ಳು ನೋಡಿದೆ.
ಏನಂದಳೋ ತಿಳಿಯದು.
ಒಮ್ಮೆ ರತ್ನಗಿರಿ ಬೋರೆ ಬಂತು,
ಒಮ್ಮೆ ದಂಟರಮಕ್ಕಿ ಕೆರೆ;
ಉಳಿದದ್ದೆಲ್ಲ ನನಗೆ ಕೆರೆಯ ನೀರೇ.
ಇಲ್ಲದ್ದು ಸೇರಿಸುವಾಗ ಮೂಗು ಮುಟ್ಟಿಕೊಳ್ಳುತ್ತಾಳೆ,
ಅದಕ್ಕೆ ಇಂಗ್ಲಿಷು ಬರಬೇಕಾಗಿಲ್ಲ.
ಒಂದು ದಿನ ಎರಡು ನಿಮಿಷ ದಾಟಿತು.
ಗುಂಡಿ ಒತ್ತಲಿಲ್ಲ ನಾನು.

ಮಾತಿಗೆ ಆರೂವರೆ ಬಂತು.
ಮಾರನೇ ದಿನವೇ ವೀಸಾ ಫೋಟೋ.
ಸ್ಟೂಲಿನ ಮೇಲೆ ಕೂರಿಸಿ ‘ನಗಬೇಡ’ ಅಂದೆ.
ಅಷ್ಟೇ ಸಾಕಾಯಿತು ನೋಡಿ.
ಅದುಮಿದಳು, ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು.
ಐದನೆಯದು ಸರಿಹೋಯಿತು ಅಂದುಕೊಂಡೆ.
ಬೆಂಗಳೂರಿನ ಕೌಂಟರಿನಿಂದ ವಾಪಸು ಬಂತು:
ಎಡ ತುಟಿಯ ಕೊನೆ ಮೇಲೆದ್ದಿದೆ.
ಮತ್ತೆ ತೆಗೆದೆ. ಈ ಸಲ ಅವಳು ಕಲಿತಿದ್ದಳು,
ನಗುವೂ ಇಲ್ಲದ, ಮುನಿಸೂ ಇಲ್ಲದ,
ಯಾರ ಮನೆಯವಳೂ ಅಲ್ಲದ ಮುಖ.
ಅಳತೆ ಸರಿಯಿತ್ತು.

ನಿನ್ನೆ ಜಯಶೀಲಮ್ಮ ಬಂದಿದ್ದಳು,
ತಲೆವಸ್ತ್ರದ ಮೇಲೆ ಬೀಜದ ಹೊಟ್ಟು.
ವೀಸಾ ಇನ್ನೂ ಬಂದಿಲ್ಲ.
ಆರು ವಾರ ಅಂತಾರೆ, ಎಂಟು ಅಂತಾರೆ.
‘ಪರ್ಸಿಗೆ ಒಂದು ಬೇಕಿತ್ತು.’
ಎರಡನ್ನೂ ಗಾಜಿನ ಮೇಲಿಟ್ಟೆ.
ಹತ್ತೊಂಬತ್ತು ವರ್ಷ ಒಡಕು ಬೀಜ ಹೆಕ್ಕಿ ಎಸೆದ ಬೆರಳು
ಗಳಿಗೆಯೂ ತಡೆಯದೆ
ವಾಪಸು ಬಂದದ್ದನ್ನೇ ಹೆಕ್ಕಿತು.
‘ಲ್ಯಾಮಿನೇಷನ್ ಮಾಡಿ,’ ಅಂದಳು, ‘ಬೆವರಿಗೆ ಹಾಳಾಗುತ್ತೆ.’
ಹತ್ತು ರೂಪಾಯಿ. ಇಪ್ಪತ್ತರ ನೋಟು ಕೊಟ್ಟಳು.
ಗಲ್ಲಾದಲ್ಲಿ ಚಿಲ್ಲರೆ ಇರಲಿಲ್ಲ.
‘ಇರಲಿ,’ ಅಂದಳು, ‘ಅವಳು ಬಂದಾಗ ಅವಳ ಕೈಲಿ ಕೊಡಿ.’